ನಕ್ಷೆಯಲ್ಲಿ ಒಂದು ಖಾಲಿ ಜಾಗ

"ಆ ಫೋಟೊ ಅಳಿಸಿ."

ಗೇಟಿನಾಚೆ ಮೊಬೈಲ್ ಎತ್ತಿ ನಿಂತಿದ್ದವನು ಬೆಚ್ಚಿಬಿದ್ದ. ಒಳಗಿದ್ದವಳ ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿಯಿತ್ತು.

"ಮೇಡಂ, ನಾನು ನೀರಿನ ಆಫೀಸಿನವನು. ಪ್ರತಿ ಮನೆಯ ನಲ್ಲೀನೂ ನಕ್ಷೆಗೆ ಹಾಕ್ತಿದ್ದೀವಿ, ಆನ್‌ಲೈನಲ್ಲಿ. ಮನೆಗೊಂದು ನೀಲಿ ಚುಕ್ಕೆ. ಒತ್ತಿದ್ರೆ ಮನೆ ಫೋಟೊ ಬರುತ್ತೆ..."

"ಯಾರು ಬೇಕಾದ್ರೂ ನೋಡಬಹುದಾ?"

"ಯಾರು ಬೇಕಾದ್ರೂ." ಹೆಮ್ಮೆಯಿಂದಲೇ ಹೇಳಿದ, ಪೆದ್ದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮದುವೆಗೆ ಒಲ್ಲೆ ಎಂದಿದ್ದಕ್ಕೆ ಒಬ್ಬ ಅವಳನ್ನು ಊರಿಂದೂರಿಗೆ ಬೆನ್ನಟ್ಟಿದ್ದ. 'ಎಲ್ಲಿದ್ರೂ ಹುಡುಕಿ ಸುಡ್ತೀನಿ' ಎಂದಿದ್ದ. ಅದನ್ನೂ ಪ್ರೀತಿ ಎನ್ನುವವರಿದ್ದಾರೆ, ಅವರ ಬಾಯಿಗೆ ಮಣ್ಣು ಬೀಳಲಿ. ದೊಡ್ಡಮ್ಮನ ಈ ಮನೆಗೆ ಬಂದಮೇಲೂ ಅವಳು ಹೊಲಿಗೆ ಯಂತ್ರವನ್ನು ಕಿಟಕಿಯ ಹತ್ತಿರ ಇಟ್ಟಿರಲಿಲ್ಲ.

"ನನ್ನನ್ನ ಒಬ್ಬ ಹುಡುಕ್ತಿದ್ದಾನೆ" ಎಂದಳು ಅಷ್ಟೇ.

ಅವನು ಅವಳ ಕಣ್ಣೆದುರೇ ಫೋಟೊ ಅಳಿಸಿದ. "ನಿಮ್ಮನೆ ಚುಕ್ಕೆಯನ್ನೇ ಹಾಕಲ್ಲ. ಆಣೆ."

ಆಮೇಲೆ ಅವನ ಅಂಗಿಗಳ ಗುಂಡಿಗಳು ಒಂದೊಂದೇ ಕಿತ್ತುಬರತೊಡಗಿದವು. ಹೊಲಿಸಲು ಬಂದಾಗ, ಬಾಗಿಲು ತಟ್ಟಿದರೆ ಅವಳು ಹೆದರುತ್ತಾಳೆಂದು ಗೇಟಿನಿಂದಲೇ "ಗುಂಡಿ..." ಎಂದು ಕೂಗುತ್ತಿದ್ದ.

"ನಿನ್ನ ನಕ್ಷೆಯಪ್ಪ ಗುಂಡಿಗಳನ್ನ ಹಲ್ಲಲ್ಲಿ ಕೀಳ್ತಾನೇನೇ?" ಎಂದು ದೊಡ್ಡಮ್ಮ ಕಿಚಾಯಿಸುವಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು.

ನಕ್ಷೆ ಬಂದ ದಿನ ದೊಡ್ಡಮ್ಮನೇ ಮೊಬೈಲ್ ತೋರಿಸಿದಳು. "ನೋಡೇ, ಬೀದಿ ತುಂಬ ಚುಕ್ಕೆ. ನಮ್ಮದೊಂದೇ ಹಲ್ಲು ಬಿದ್ದ ಬಾಯಿ ಇದ್ದಂಗಿದೆ."

ಅವಳು ಮೊಬೈಲ್ ಕಿತ್ತುಕೊಂಡು ನೋಡಿದಳು. ಹೌದು... ಇಡೀ ಬಡಾವಣೆಯಲ್ಲಿ ಅದೊಂದೇ ಖಾಲಿ ಜಾಗ. ಅಡಗಿದವಳನ್ನು ಹುಡುಕುವವನು ಬೇರೆಲ್ಲಿ ನೋಡುತ್ತಾನೆ?

ಅಷ್ಟರಲ್ಲಿ ಎದುರು ಅಂಗಡಿಯವನು ಗೇಟಿನ ಬಳಿ ಬಂದು, "ಅಕ್ಕಾ, ಹೆಲ್ಮೆಟ್ ಹಾಕಿದ್ದ ಒಬ್ಬ ನಿಮ್ಮ ಫೋಟೊ ತೋರಿಸಿ ಕೇಳ್ತಿದ್ದ. ಗೊತ್ತಿಲ್ಲ ಅಂದೆ. ಫೋನ್ ನೋಡ್ಕೊಂಡು ಹಿಂದಿನ ಬೀದಿಗೆ ಹೋದ" ಎಂದ.

ಅವಳು ನಕ್ಷೆಯವನಿಗೆ ಫೋನ್ ಮಾಡಿದಳು.

"ನನ್ನನ್ನ ಎಷ್ಟಕ್ಕೆ ಮಾರಿದ್ರಿ?"

"ಏನು ಹೇಳ್ತಿದ್ದೀರಿ?"

"ಖಾಲಿ ಬಿಟ್ಟು ಇಲ್ಲೇ ಇದ್ದಾಳೆ ಅಂತ ತೋರಿಸಿದ್ದೀರಲ್ಲ. ಇನ್ನು ನಮ್ಮ ಗೇಟಿನ ಹತ್ರ ಬರಬೇಡಿ."

ಅವಳು ಫೋನ್ ಇಟ್ಟಳು.

ಸಂಜೆ ಹೊರಗೊಂದು ಬೈಕ್ ನಿಂತಿತು. ಗೇಟು ಕಿರುಗುಟ್ಟಿತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ದೊಡ್ಡಮ್ಮ ಊರುಗೋಲು ಎತ್ತಿಕೊಂಡಳು.

"ಗುಂಡಿ..."

ಅವನ ದನಿ. ಏದುಸಿರು ಬಿಡುತ್ತಿದ್ದ.

"ಬಾಗಿಲು ತೆಗೀಬೇಡಿ. ಮೊದಲು ನಕ್ಷೆ ನೋಡಿ."

ನೋಡಿದಳು. ಒಂದೇ ಒಂದು ಚುಕ್ಕೆಯೂ ಇರಲಿಲ್ಲ. ಇಡೀ ಬಡಾವಣೆಗೆ ಒಂದೇ ತೆಳುನೀಲಿ ಬಣ್ಣ ಬಳಿದಿತ್ತು.

"ನಿಮ್ಮೊಬ್ಬರನ್ನೇ ಅಳಿಸಿದ್ದು ನನ್ನ ದಡ್ಡತನ. ಆ ಖಾಲಿ ಜಾಗವೇ ಕೈ ಬೀಸಿ ಕರೆಯುತ್ತೆ ಅಂತ ಹೊಳೀಲಿಲ್ಲ. ಈಗ ಯಾರ ಮನೆಯೂ ಕಾಣಲ್ಲ. ಬಡಾವಣೆಗೆ ಎಷ್ಟು ನೀರು ಅನ್ನೋದಷ್ಟೇ ಕಾಣುತ್ತೆ."

"ನಿಮ್ಮ ಸಾಹೇಬರು?"

"ಉಗಿದ್ರು. ಉಗಿಸ್ಕೊಂಡು ಬಂದೆ." ಅವನ ದನಿ ತಗ್ಗಿತು. "ಆದ್ರೆ ಅವನು ಇಲ್ಲೇ ಎಲ್ಲೋ ಇರಬಹುದು. ಪೊಲೀಸ್ ಠಾಣೆಗೆ ಹೋಗೋಣ. ನಾನಿರ್ತೀನಿ ಜೊತೆಗೆ."

ಹೊರಗಿನ ಭಯ ಹಾಗೇ ಇತ್ತು. ಆದರೂ ಅವಳೇ ಚಿಲಕ ಸರಿಸಿದಳು. ಅವನ ಕಣ್ಣುಗಳು ಕೆಂಪಾಗಿದ್ದವು. ಅಂಗಿಯ ಗುಂಡಿಗಳೆಲ್ಲ ಸರಿಯಾಗಿದ್ದವು.

"ಈಗಲೇ ಹೋಗೋಣ" ಎಂದು ಚಪ್ಪಲಿ ಮೆಟ್ಟಿದಳು. ಗೇಟಿನ ಬಳಿ ನಿಂತು ಮೆಲ್ಲಗೆ ಕೇಳಿದಳು, "ಇನ್ನು ನಕ್ಷೆಯಲ್ಲಿ ಈ ಮನೆ ನಿಮಗೂ ಸಿಗಲ್ಲ, ಅಲ್ವಾ?"

"ನನಗೆ ದಾರಿ ಗೊತ್ತು."

"ಹಾಗಾದ್ರೆ ಗುಂಡಿ ಕೀಳೋದು ಬಿಡಿ..." ಅವಳು ಅವನ ತೋಳು ಹಿಡಿದಳು. "ಸುಮ್ಮನೆ ಬನ್ನಿ."