ಬಾಗಿಲಿಗೆ ಕಟ್ಟಿದ ಲೋಳೆಸರ

"ಸಾಯದಂಥ ಗಿಡ ಒಂದು ಕೊಡ್ರಿ."

ಬಗ್ಗಿ ಸಸಿ ಚೀಲಗಳಿಗೆ ಮಣ್ಣು ತುಂಬುತ್ತಿದ್ದ ಮಲ್ಕಪ್ಪ ತಲೆ ಎತ್ತಿದ. ಎದುರಿಗೆ ನಿಂತವಳು ಶಿವಕಾಂತಾ, ಕನ್ನಡ ಶಾಲೆಗೆ ಹೊಸದಾಗಿ ಸೇರಿದ ಟೀಚರ್. ಆಳಂದದ ಆ ನರ್ಸರಿಗೆ ಜನ ಬರುತ್ತಿದ್ದದ್ದು ಹೊಲದ ಬದುವಿಗೆ ಬೇವು, ಸಾಗವಾನಿ ಕೇಳಿಕೊಂಡು. ಮನೆಯೊಳಗಿಡುವ ಗಿಡ ಕೇಳಿದವಳು ಇವಳೇ ಮೊದಲು.

"ಸಾಯದ್ದು ಈ ಭೂಮಿ ಮ್ಯಾಲ ಏನದ ರೀ ಟೀಚರ್?"

"ಚ್ಯಾಷ್ಟಿ ಬ್ಯಾಡ್ರಿ. ನಮ್ಮ ನಳಕ್ಕ ನಾಕು ದಿನಕ್ಕೊಮ್ಮೆ ನೀರು. ಬಿಸಿಲು ಬೀಳೋದು ಒಂದೇ ಕಿಡಕಿಗೆ. ನಾ ಮುಂಜಾನೆ ಹೋದ್ರ ಸಂಜೀಗೆ ಬರ್ತೇನಿ. ಹಂತಾ ಮನ್ಯಾಗ ಬದುಕೋದು ಕೊಡ್ರಿ."

ಅವನು ಒಂದು ಕುಂಡವನ್ನು ಎತ್ತಿ ಅವಳ ಕೈಗಿಟ್ಟ. ಅದರಲ್ಲಿ ಲೋಳೆಸರವಿತ್ತು.

"ಇದು ನೀರು ಕೇಳಂಗಿಲ್ಲ, ಗೊಬ್ಬರ ಕೇಳಂಗಿಲ್ಲ. ಯಾಕ ತಡಾ ಮಾಡಿದ್ರಿ ಅಂತನೂ ಕೇಳಂಗಿಲ್ಲ."

"ಗಂಡಸರಾಗ ಹಿಂತಾವ್ರು ಸಿಗಂಗಿಲ್ಲ ಬಿಡ್ರಿ" ಎಂದು ಅವಳು ನಕ್ಕಳು. ಅವನ ಕಿವಿ ಕೆಂಪಾದವು. ಅದನ್ನು ನೋಡಿದ್ದೇ ಅವಳ ತಪ್ಪು.

ಮೂರು ವಾರಕ್ಕೆ ಆ ಗಿಡ ಬುಡದಲ್ಲೇ ಕೊಳೆತು ಹೋಯಿತು. ಕುಂಡ ಹಿಡಿದು ಬಂದವಳನ್ನು ಕಂಡು ಮಲ್ಕಪ್ಪ ಬೇರು ಹಿಸುಕಿ ನೋಡಿದ.

"ದಿನಾ ನೀರು ಹಾಕೀರಿ."

"ಪಾಪ, ಒಣಗ್ತದಂತ..."

"ಬಾಯಿ ಬಿಟ್ಟು ಕೇಳದಿದ್ದವರಿಗೆ ಬಾಯಿಗೆ ಹಾಕಬಾರದ್ರಿ. ಮಣ್ಣಾಗ ಬೆರಳು ಇಟ್ಟು ನೋಡ್ರಿ. ಪೂರಾ ಒಣಗಿದ್ರಷ್ಟೇ ನೀರು." ಅವಳ ಬೆರಳನ್ನು ತಾನೇ ಹಿಡಿದು ಹೊಸ ಕುಂಡದ ಮಣ್ಣಿಗಿಳಿಸಿದ. ಕಲಿಸುವುದು ಮುಗಿದ ಮೇಲೂ ಕೈ ಬಿಡಲಿಲ್ಲ. ಇಬ್ಬರೂ ಕುಂಡವನ್ನೇ ನೋಡುತ್ತ ನಿಂತರು.

ಹೀಗೆ ಎರಡು ವರ್ಷ. ಅದು ಎಂಬತ್ನಾಲ್ಕನೇ ಇಸವಿ. ದಿನಗೂಲಿ ಮಾಲಿಗೆ ಮಗಳನ್ನು ಕೊಡಲು ಅವಳಪ್ಪ, ತೊಗರಿ ವ್ಯಾಪಾರಿ ದೌಲತರಾಯ ಸುಲಭಕ್ಕೆ ಒಪ್ಪುವವನಲ್ಲ. ಜೇವರ್ಗಿಯ ವರನ ಮಾತೂ ಮನೆಯಲ್ಲಿ ನಡೆದಿತ್ತು.

"ಬರೋ ರವಿವಾರ ಕಾಕಾನ ಕರಕೊಂಡು ಕೇಳಾಕ ಬರ್ತೇನಿ" ಎಂದ ಮಲ್ಕಪ್ಪ. "ನಿಮ್ಮಪ್ಪ ಹೂಂ ಅಂದ್ರ ಲೋಳೆಸರದ ಕುಂಡ ಓಣಿ ಕಿಡಕ್ಯಾಗ ಇಡು. ಇಲ್ಲಾಂದ್ರ ಒಳಗಿಡು, ನಾ ಮೂಲ್ಯಾಗಿಂದ ತಿರುಗಿ ಹೋಗ್ತೇನಿ. ಕಾಕಾನ ಮುಂದ ನನ್ನ ಮಾನ ಹೋಗಬಾರದು ನೋಡು."

ಶಿವಕಾಂತಾ ಮೂರು ದಿನ ಊಟ ಬಿಟ್ಟಳು. ನಾಲ್ಕನೇ ದಿನ ಅಪ್ಪ "ಬಂದು ಕೇಳ್ಲಿ, ನೋಡೋಣು" ಎಂದ. ಶನಿವಾರ ಸಂಜೆಯೇ ಕುಂಡ ಕಿಟಕಿ ಸೇರಿತು.

ರವಿವಾರ ಬೆಳಿಗ್ಗೆ ಅವಳು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಅವ್ವ ಗುರುಶಾಂತಮ್ಮನಿಗೆ ಮನೆಗೆ ಒಳ್ಳೆಯ ಗಳಿಗೆ ಬಂತೆಂಬ ಸಂಭ್ರಮ. ಸಂಭ್ರಮದ ಹಿಂದೆಯೇ ದೃಷ್ಟಿಯ ಭಯ. ಕಿಟಕಿಯ ಲೋಳೆಸರವನ್ನು ಬೇರುಸಮೇತ ಕಿತ್ತು, ಅರಿಶಿನ ಕುಂಕುಮ ಹಚ್ಚಿ, ಕರಿದಾರದಿಂದ ತಲೆಕೆಳಗಾಗಿ ಬಾಗಿಲಿಗೆ ಕಟ್ಟಿದಳು. ಖಾಲಿ ಕುಂಡ ಹಿತ್ತಲಿಗೆ ಹೋಯಿತು. ಕುಂಡದ ಒಪ್ಪಂದವನ್ನು ಮಗಳು ಅವ್ವನಿಗೆ ಹೇಳಿರಲಿಲ್ಲ.

ಹನ್ನೊಂದಾಯಿತು, ಎರಡಾಯಿತು. ಹೋಳಿಗೆ ಆರಿದವು. ಸಂಜೆ ಎದ್ದು ಹೊರಗೆ ಬಂದ ಶಿವಕಾಂತಾ ಮೊದಲು ಕಿಟಕಿ ನೋಡಿದಳು, ಆಮೇಲೆ ಬಾಗಿಲು ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋಮವಾರ ನರ್ಸರಿಗೆ ಓಡಿದಳು. ವಾಚಮನ್ ಹಸನಸಾಬ ಅವಳ ಮುಖ ನೋಡದೆ ಹೇಳಿದ: "ಅಫಜಲಪುರ ನರ್ಸರಿಗೆ ಹೋದನಮ್ಮ, ನಿನ್ನೆ ಸಂಜಿಗೇ. ಇಲ್ಲಿ ಇರಾಕ ಮನಸ್ಸಿಲ್ಲ ಅಂದ."

ಅವತ್ತು ಅವಳು ಪತ್ರ ಬರೆದಳು, ಬರೆದು ಹರಿದಳು. ಖಾಲಿ ಕಿಟಕಿ ಕಂಡು ತಿರುಗಿದನಲ್ಲ, ಒಂದು ಸಲ ಬಾಗಿಲು ಬಡಿದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನ ಮಾನ ದೊಡ್ಡದಾದರೆ ತನ್ನದೇನು ಸಣ್ಣದೇ? ಅತ್ತ, ಬಂಧುಗಳೆದುರು ಕಾಯ್ದು ಕೂತ ಅವಮಾನಕ್ಕೆ ಅಪ್ಪ ತಿಂಗಳೊಳಗೆ ಜೇವರ್ಗಿಗೆ ಮಾತು ಕೊಟ್ಟ. ಸಿಟ್ಟಿನಲ್ಲಿ ಅವಳೂ ಹೂಂ ಅಂದಳು. ಸಿಟ್ಟಿನ ಹೂಂಗೆ ಮುಪ್ಪಿಲ್ಲ, ಅದನ್ನು ದಿನಾ ಉಣ್ಣಬೇಕು.

ಎಂಟು ವರ್ಷದ ಮೇಲೆ, ಟ್ರೇನಿಂಗಿಗೆಂದು ಅಫಜಲಪುರಕ್ಕೆ ಬಂದವಳ ಕಾಲು ನರ್ಸರಿಯ ಕಡೆ ತಿರುಗಿದವು. ಮಲ್ಕಪ್ಪನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವನ ನೌಕರಿ ಕಾಯಂ ಆಗಿತ್ತು, ಎರಡು ಮಕ್ಕಳಿದ್ದವು.

"ಅವತ್ತು ನಾ ಮೂಲಿ ತನಕ ಬಂದಿದ್ದೆ" ಎಂದ, ಕೊಡದಿಂದ ಸಸಿಗಳಿಗೆ ನೀರು ಹಾಕುತ್ತ. "ಕಿಡಕಿ ಖಾಲಿ. ಬಾಗಿಲಿಗೆ ನಾ ಕೊಟ್ಟ ಗಿಡಾನೇ ಕಿತ್ತು ಕಟ್ಟಿದ್ರಿ. ಹೋಳಿಗಿ ವಾಸನಿ ಓಣಿ ತುಂಬ. ಜೇವರ್ಗಿಯವರು ಬರಾಕತ್ತಾರಂತ ತಿಳದೆ."

"ಹೋಳಿಗಿ ನಿಮಗ ಮಾಡಿದ್ದು. ಗಿಡಾ ಕಟ್ಟಿದ್ದು ನಿಮ್ಮ ಬರವಿಗೆ ದೃಷ್ಟಿ ತಾಗಬಾರದಂತ."

ಅವನ ಕೈಯಲ್ಲಿದ್ದ ಕೊಡದ ನೀರು ಅವನ ಕಾಲ ಮೇಲೆಯೇ ಸುರಿಯುತ್ತಿತ್ತು. ಅವನಿಗದು ಗೊತ್ತಾಗಲಿಲ್ಲ.

"ಮಣ್ಣಿಲ್ಲ, ನೀರಿಲ್ಲ. ತಲೆಕೆಳಗಾಗಿ ಹನ್ನೊಂದು ತಿಂಗಳ ಬದುಕಿತ್ರಿ ಅದು" ಎಂದಳು ಶಿವಕಾಂತಾ. "ಅದರ ಬುಡಕ್ಕೇ ನನ್ನ ಲಗ್ನದ ಹಂದರ ಹಾಕಿದ್ರು. ನಿಮಗ ಬಾಗಿಲ ತನಕ ಹತ್ತು ಹೆಜ್ಜಿ ಇಡೋದು ಆಗಲಿಲ್ಲ."

"ನೀ ಒಂದು ಅಕ್ಷರ ಬರೀಬೇಕಿತ್ತು."

"ಬರೀಬೇಕಿತ್ತು" ಎಂದಳು. ಅದನ್ನು ಒಪ್ಪಿದ ಮೇಲೆ ಜಗಳಕ್ಕೂ ಏನೂ ಉಳಿಯಲಿಲ್ಲ.

ಮಲ್ಕಪ್ಪ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಒಂದು ಲೋಳೆಸರದ ಕುಂಡ ಎತ್ತಿದ. ಅವಳು ಕೈ ಚಾಚಲಿಲ್ಲ.

"ಅದು ಬ್ಯಾಡ. ಆ ಮಲ್ಲಿಗಿ ಕೊಡ್ರಿ."

"ಅದಕ್ಕ ದಿನಾ ನೀರು ಬೇಕು. ಒಂದಿನ ಮರತ್ರ ಬಾಡ್ತದ."

"ಬಾಡಲಿ. ಬಾಡಿದ್ದು ಕಣ್ಣಿಗಾದ್ರೂ ಕಾಣ್ತದಲ್ಲ."

ಜೇವರ್ಗಿ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟೇ ಸಿಕ್ಕಿತು. ಮಲ್ಲಿಗೆಯನ್ನು ಕಿಟಕಿಯ ಹತ್ತಿರ ಇಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಳು.