ಏಣಿಗೆ ಕಟ್ಟಿಸಿದ ಮಾಟ

"ಆ ಏಣಿ ಹತ್ಬೇಡಿ ಸಾರ್. ಮಾಟ ಮಾಡ್ಸೈತೆ."

ಗರುಡಾಚಾರ್‌ಪಾಳ್ಯದ ಆ ಕಾರ್ಖಾನೆಯಲ್ಲಿ ಕಸ ಗುಡಿಸುವ ಆಂಜನಮ್ಮ ಪೊರಕೆ ಅಡ್ಡ ಹಿಡಿದು ನಿಂತಿದ್ದಳು. ಕಲಬುರಗಿಯಿಂದ ಬಂದು ಮೊನ್ನೆಯಷ್ಟೇ ಸೂಪರ್‌ವೈಸರಾಗಿ ಸೇರಿದ್ದ ಭಗವಂತರಾಯ ನಕ್ಕುಬಿಟ್ಟ.

"ಯಾರ್ ಮಾಡ್ಸ್ಯಾರವ್ವಾ?"

"ನಾನೇ."

ಅವನ ನಗು ಜೋರಾಯಿತು. ಅವಳು ನಗಲಿಲ್ಲ. ಅವಳ ಮಗ ಜಗನ್ ಇದೇ ಚಾವಣಿ ರಿಪೇರಿಗೆ ಹತ್ತಿ, ಶೀಟು ಮುರಿದು ಬಿದ್ದು ಸತ್ತಿದ್ದ. ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟೂ ಕೊಟ್ಟಿರಲಿಲ್ಲ. ಮಾಲೀಕ ಹೆಣ ನೋಡಲೂ ಬರಲಿಲ್ಲ. ಹೊಟ್ಟೆಯುರಿ ತಾಳದೆ ಅವಳು ಮಗನ ರಕ್ತದಂಗಿಯನ್ನು ಮಾಟಗಾರನ ಬಳಿ ಒಯ್ದು, ಕಪ್ಪು ಕೋಳಿ ಕೊಯ್ಯಿಸಿ, ಏಣಿಗೆ ಮಾಟ ಕಟ್ಟಿಸಿದ್ದಳು. ಮಾಲೀಕನಿಗೆಂದು. ಆದರೆ ಮಾಲೀಕ ಏಣಿ ಹತ್ತುವುದುಂಟೇ?

"ಬಿಚ್ಚಕ್ಕೆ ನಂಗೆ ಬರಲ್ಲ ಸಾರ್. ಹುಡುಗ್ರು ಯಾರೂ ಹತ್ತಲ್ಲ. ನೀವೂ ಬ್ಯಾಡಿ."

ಮಳೆನೀರು ಮಷೀನುಗಳ ಮೇಲೆ ಸೋರುತ್ತಿತ್ತು. ಸಂಜೆಯೊಳಗೆ ನಿಲ್ಲಿಸು ಎಂದು ಮಾಲೀಕ ಫೋನಿನಲ್ಲಿ ಗದರಿದ್ದ. ಬೆಲ್ಟು ಕೇಳಿದ್ದಕ್ಕೆ, ಆಮೇಲೆ ನೋಡೋಣ ಎಂದಿದ್ದ. ಭಗವಂತರಾಯ ಹತ್ತಿದ.

ಮೋಡ ಕವಿದು ಮಧ್ಯಾಹ್ನವೇ ಮಸುಕಾಗಿತ್ತು. ಒದ್ದೆ ಪಾಚಿಯ ವಾಸನೆಯ ನಡುವೆ ಸುಟ್ಟ ಗರಿಯ ಕಮಟು ಮೂಗಿಗೆ ಅಡರಿತು. ಕಾಲಡಿಯ ಶೀಟನ್ನು ಕೆಳಗಿನಿಂದ ಯಾರೋ ಉಗುರಿನಿಂದ ಕೆರೆಯುತ್ತಿದ್ದ ಸದ್ದು. ಇಲಿಯಿರಬೇಕು ಎಂದುಕೊಂಡ. ಸದ್ದು ಅವನ ಹೆಜ್ಜೆಯ ಜೊತೆಗೇ ಸರಿಯಿತು. ಅವನು ನಿಂತ. ಅದೂ ನಿಂತಿತು. ಸೀಳಿನಿಂದ ಒಂದು ಕೈ ಮೇಲೆ ಬಂತು. ಬೂದಿ ಬಣ್ಣದ ಕೈ. ಪಾದ ಹಿಡಿಯಿತು. ಎಳೆಯಿತು. ಶೀಟು ಹಪ್ಪಳದಂತೆ ಮುರಿಯಿತು. ಸೊಂಟದವರೆಗೆ ಕುಸಿದ. ಕಬ್ಬಿಣದ ಪಟ್ಟಿ ತಬ್ಬಿದ. ಕೆಳಗೆ ಬರೀ ಕತ್ತಲು.

"ಜಗ್ಗಾ, ಬಿಡೋ!" ಆಂಜನಮ್ಮ ಕೆಳಗಿನಿಂದ ಚೀರಿದಳು. "ಇವ್ರು ಅವ್ನಲ್ಲ ಕಣೋ! ನಿನ್ನಂಗೇ ಕೆಲ್ಸಕ್ ಬಂದೋರು!"

ಹಿಡಿತ ಸಡಿಲಿತು. ಒಂದೇ ಗಳಿಗೆ. ಮತ್ತೆ ಬಿಗಿದು ಅವನನ್ನು ಕೆಳಕ್ಕೆ ಎಳೆದುಕೊಂಡಿತು.

ಭಗವಂತರಾಯ ಸಾಯಲಿಲ್ಲ. ಸೊಂಟದ ಕೆಳಗೆ ಮಾತ್ರ ಜೀವವಿರಲಿಲ್ಲ. ಮಾಲೀಕ ಆಸ್ಪತ್ರೆಗೆ ಬರಲಿಲ್ಲ. ಭಗವಂತರಾಯನ ಕೆಲಸಕ್ಕೆ ಬೇರೆಯವರು ಸಿಕ್ಕಿದ್ದಾರೆ ಎಂದು ಫೋನು ಬಂತು. ಆಂಜನಮ್ಮ ಬಂದು, ಅರಿವಿಲ್ಲದ ಅವನ ಕಾಲು ಹಿಡಿದು, ನಡೆದದ್ದನ್ನೆಲ್ಲ ಹೇಳಿ ಅತ್ತಳು.

ಹೆಂಡತಿ ಜಯದೇವಿ ಬೈಯಲಿಲ್ಲ. ಮುದುಕಿಯನ್ನು ಹೊರಗೆ ಕರೆದೊಯ್ದು ಮೆಲ್ಲಗೆ ಕೇಳಿದಳು:

"ಆ ಮಾಲೀಕನ ಮನಿ ಎಲ್ಲದ? ಈ ಸಲ ಅವನ ಹೊಸ್ತಿಲಿಗೇ ಕಟ್ಟಸೋಣ."

ಆಂಜನಮ್ಮ ಅವಳ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವಾ. ಬೆಳಗಾದ್ರೆ ಆ ಹೊಸ್ತಿಲು ಮೊದ್ಲು ತುಳಿಯೋಳು ಪಾತ್ರೆ ತೊಳೆಯೋ ಹೆಂಗ್ಸು."

ಜಯದೇವಿ ಬಾಗಿಲಿನಾಚೆ ಮಂಚದ ಮೇಲಿನ ಗಂಡನ ಕಾಲುಗಳತ್ತ ನೋಡಿದಳು.

"ಇರಲಿ," ಎಂದಳು. "ಎಲ್ಲದ ಹೇಳು."