ರಾಜರ ಪೀಪಾಯಿ

ಪೀಪಾಯಿಯ ನಲ್ಲಿ ತಿರುವಿದರೆ ಬಂದದ್ದು ನೀರು!

ಮಾಲೀಕ ಬಾಬಾಸಾಹೇಬರು ಬೆಳ್ಳಿ ಬಟ್ಟಲನ್ನು ಮೂಸಿ ನೋಡಿದರು, ನಾಲಿಗೆಗೆ ಹಚ್ಚಿ ನೋಡಿದರು. ಕಾಗವಾಡದ ಹತ್ತಿರದ ಆ ವಿಸ್ಕಿ ಭಟ್ಟಿ ಸಂಸ್ಥಾನದ ಕಾಲದ್ದು. ರಾಜರೇ ತುಂಬಿಸಿಟ್ಟ ಪೀಪಾಯಿಗೆ ದೀಪಾವಳಿ ಪಾಡ್ಯದಂದು ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರೇ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಹರಕೆ ಹೊತ್ತು ಹೊತ್ತು ಕಡೆಗೂ ಹುಟ್ಟಿದ ಮಗನ ತೊಟ್ಟಿಲು ಇವತ್ತು. ಅದಕ್ಕೇ ತೆಗೆಸಿದ್ದು.

"ಕೀಲಿ ಯಾರ ಹತ್ರ ಐತಿ? ಸತ್ತೆಪ್ಪನ ಹತ್ರ!" ಮ್ಯಾನೇಜರ್ ಲಗಮಣ್ಣ ಗುಡುಗಿದ. "ಪೊಲೀಸರನ್ನ ಕರಸ್ರಿ, ಮಾಲಕ್ರ!"

ಕಾವಲುಗಾರ ಸತ್ತೆಪ್ಪ ಸೊಂಟದ ಕೀಲಿ ಬಿಚ್ಚಿ ಮಾಲೀಕರ ಮುಂದಿಟ್ಟ. ಕೆಲಸ ಹೋದರೆ ಹೋಗಲಿ — ಹೆಂಡತಿ ಮಕ್ಕಳ ಕಣ್ಣೆದುರು ಕೈಗೆ ಬೇಡಿಯೇ?

ಪೊಲೀಸರು ಅಲ್ಲೇ ಇದ್ದರು, ಆದರೆ ನಿವೃತ್ತರು. ಚಿಕ್ಕೋಡಿಯಿಂದ ಶೇಡಬಾಳದ ಬೀಗರ ಮನೆಗೆ ಹೊರಟಿದ್ದ ಫೌಜದಾರ ಮುರಗೆಪ್ಪ, ಹೆಂಡತಿ ರುಕ್ಮವ್ವನಿಗೆ ಹಳೆಯ ಭಟ್ಟಿ ತೋರಿಸಲೆಂದು ಇಳಿದಿದ್ದರು. ರುಕ್ಮವ್ವನಿಗೆ ಎಲ್ಲವೂ ಕನಸಿನಲ್ಲಿ ನಡೆದಂತಿತ್ತು. ನೆಲಮಾಳಿಗೆಯ ತಂಪು, ಗಾಣದ ಮನೆಯ ಬೆಲ್ಲದಂಥ ಘಮ, ಜಾಲಂಧ್ರದಿಂದ ಇಳಿದ ಜೇನುಬಣ್ಣದ ಬಿಸಿಲು. ಒಂದು ಹನಿ ನಾಲಿಗೆಗೆ ತಾಕದಿದ್ದರೂ ಕಣ್ಣು ಮುಚ್ಚಿಮುಚ್ಚಿ ಬರುತ್ತಿದ್ದವು. ಛೀ, ಬರೇ ವಾಸನೆಗೇ ನಶೆ ಏರಿತೇ ನನಗೆ ಎಂದು ಒಳಗೊಳಗೇ ನಾಚಿದಳು.

ಆ ಮಂಪರಿನಲ್ಲೇ, ಸ್ವಲ್ಪ ಮೊದಲು ಸತ್ತೆಪ್ಪ ಹೇಳಿದ್ದು ನೆನಪಾಯಿತು: "ಪೀಪಾಯಿ ಕಟಗಿ ಉಸರಾಡ್ತೈತ್ರಿ, ಅವ್ವಾರ. ಒಳಗಿನ ದಾರೂ ಉಸರಿಗೇ ಗ್ವಾಡಿ ಕರ್ರಗಾಗೋದು. ಸುಣ್ಣಾ ಹೊಡದ್ರೂ ಬರಬರ್ತ ಮತ್ತ ಕರ್ರಗ."

ಒಂದೊಂದು ಪೀಪಾಯಿಗೂ ಗೋಡೆಯಲ್ಲಿ ಒಂದೊಂದು ಕಮಾನು. ರುಕ್ಮವ್ವ ಸೆರಗು ಬಿಗಿದುಕೊಂಡು ರಾಜರ ಪೀಪಾಯಿಯ ಹಿಂದೆ ಇಣುಕಿದಳು.

"ಬಾಬಾಸಾಹೇಬ್ರ, ಇಲ್ಲಿ ಸುಣ್ಣಾ ಹೊಡಸಿದ್ದು ಯಾವಾಗ್ರಿ?"

"ನನ್ನ ಲಗ್ನದಾಗ್ರಿ, ಅಕ್ಕಾರ. ಎಲ್ಲಾ ಕಮಾನಿಗೂ. ಆಮ್ಯಾಲ ಇಲ್ಲ."

"ಆಗ ಕೀಲಿ?"

"ಲಗಮಣ್ಣನ ಹತ್ರ. ಸತ್ತೆಪ್ಪ ಬಂದದ್ದು ಹ್ವಾದ ವರ್ಷ."

"ಹೆಣ್ಮಕ್ಕಳಿಗೆ ಇದರಾಗೇನ ತಿಳೀತೈತಿ—" ಲಗಮಣ್ಣ ಬಾಯಿ ಹಾಕಿದ.

"ಸುಮ್ನಿರ್ರಿ!" ಎಂದರು ಮುರಗೆಪ್ಪ. "ನನ್ನ ಅರ್ಧಾ ಕೇಸು ಬಗಿಹರಿಸಿದಾಕಿನ ಈಕಿ."

ರುಕ್ಮವ್ವ ಬೆರಳು ತೋರಿದಳು. "ಉಳಿದ ಪೀಪಾಯಿ ಹಿಂದಿನ ಗ್ವಾಡಿ ಕಾಡಿಗಿ ಆಗ್ಯಾವ. ಇದರ ಹಿಂದ ಮಾತ್ರ ಲಗ್ನದ ಸುಣ್ಣಾ ಇನ್ನೂ ಬೆಳ್ಳಗ ಐತಿ. ನೀರಿನ ಉಸರಿಗೆ ಗ್ವಾಡಿ ಕರ್ರಗ ಆಗ್ತೈತೇನು? ದಾರೂ ಹೋಗಿದ್ದು ಲಗ್ನದ ಹೊತ್ತಿಗೇ. ಹ್ವಾದ ವರ್ಷ ಬಂದಾವ ಹೆಂಗ ಕದ್ದಾನು? ಲಗಮಣ್ಣಾರ, ನೀವ ಹೇಳ್ತೀರೋ, ನಾ ಹೇಳ್ಲೋ?"

ಲಗಮಣ್ಣ ಬಂದು ಮಾಲೀಕರ ಕಾಲು ಹಿಡಿದ. "ಲಗ್ನಕ್ಕ ಬಂದ ಕೊಲ್ಲಾಪುರದ ಬೀಗರಿಗೆ ದಾರೂ ಕಮ್ಮಿ ಬಿತ್ರಿ, ಮಾಲಕ್ರ. ನಿಮ್ಮ ಮರ್ಯಾದಿ ಹೋಗಬಾರದಂತ ಇದನ್ನ ಇಳಿಸಿ ನೀರ ತುಂಬಿದೆ. ಒಂದಿನ ತೆಗೀತೀರಂತ ಕನಸನ್ಯಾಗೂ ಅಂದ್ಕೊಂಡಿರಲಿಲ್ಲ."

"ಅದಕ್ಕ ನನ್ನ ಜೈಲಿಗೆ ಹಾಕಸ್ತಿದ್ರೇನ್ರಿ?" ಸತ್ತೆಪ್ಪ ಅತ್ತೇಬಿಟ್ಟ.

ಬಾಬಾಸಾಹೇಬರು ಕೀಲಿಯನ್ನು ಸತ್ತೆಪ್ಪನ ಕೈಯಲ್ಲಿಟ್ಟು ಅವನ ಮುಷ್ಟಿ ಮುಚ್ಚಿದರು. ಆಮೇಲೆ ನೀರಿನ ಬಟ್ಟಲನ್ನು ಬಿಸಿಲಿಗೆ ಎತ್ತಿ ಹಿಡಿದರು.

"ಹಂಗಾದ್ರ ಲಗ್ನದಾಗ ನಾನೂ ಕುಡದೇನಲ್ಲೋ ರಾಜರ ದಾರೂ! ಹೆಂಗಿತ್ತು? ಎಷ್ಟ ನೆನಸಿದ್ರೂ ನೆನಪಾಗವಲ್ದು."

ಲಗಮಣ್ಣ ತಲೆ ಎತ್ತಲಿಲ್ಲ.

"ಒಂದ ಗುಟುಕ ಕುಡದು ಮೂಗ ಮುರದ್ರಿ, ಮಾಲಕ್ರ. ‘ಏನ ಸಪ್ಪಗೈತೋ ಇದು, ಸೋಡಾ ತಾ’ ಅಂದ್ರಿ."